ಇಬ್ಬರಿದ್ದರೆ ಸರಿ, ಮೂರನೆಯವರು ಬಂದರೆ ಪರದೆ ಕಪ್ಪು

ನಮ್ಮ ಬಳಗದ ಕವಿಗೋಷ್ಠಿಯನ್ನು ಆನ್‌ಲೈನ್‌ನಲ್ಲಿ ನಡೆಸೋಣ ಎಂದು ಬಾಡಿಗೆ ಸರ್ವರ್ ಒಂದರಲ್ಲಿ ಜಿಟ್ಸಿ ಮೀಟ್ ಎಂಬ ವಿಡಿಯೊ ಕರೆಯ ತಂತ್ರಾಂಶ ಹಾಕಿದೆ. ಉಬುಂಟು, ಡೊಮೇನ್, ಸರ್ಟಿಫಿಕೇಟು ಎಲ್ಲ ಅರ್ಧ ದಿನದಲ್ಲಿ ಮುಗಿಯಿತು. ನಾನು ಲ್ಯಾಪ್‌ಟಾಪಿನಿಂದ, ತಂಗಿ ಮೊಬೈಲಿನಿಂದ ಸೇರಿ ನೋಡಿದೆವು. ಚಿತ್ರ, ದನಿ ಎರಡೂ ಚೆನ್ನಾಗಿತ್ತು.

ಸಂಜೆ ಅಮ್ಮನೂ ಸೇರಿದರು. ಅಷ್ಟೇ, ಮೂವರ ಪರದೆಯೂ ಕಪ್ಪು. ದನಿಯೂ ಇಲ್ಲ. ಚಾಟ್ ಮಾತ್ರ ಆರಾಮಾಗಿ ಹೋಗುತ್ತಿತ್ತು! ಅಮ್ಮ ಹೊರಗೆ ಹೋದರೆ ಮತ್ತೆ ಸರಿ. "ನನ್ನ ಕಾಲ್ಗುಣವೇನೋ" ಎಂದು ನಕ್ಕರು.

ಸುಮ್ನೆ ಎರಡು ಸಲ ಅಳಿಸಿ ಇನ್‌ಸ್ಟಾಲ್ ಮಾಡಿದೆ. ದಂಡ. ಆಮೇಲೆ ಹೊಳೆಯಿತು. ಇಬ್ಬರೇ ಇದ್ದಾಗ ಜಿಟ್ಸಿ ವಿಡಿಯೊವನ್ನು ಒಬ್ಬರಿಂದ ಒಬ್ಬರಿಗೆ ನೇರವಾಗಿ ಕಳಿಸುತ್ತದೆ. ಮೂರನೆಯವರು ಬಂದ ಕೂಡಲೇ ಎಲ್ಲವೂ ಸರ್ವರಿನಲ್ಲಿರುವ, ಎಲ್ಲರ ವಿಡಿಯೊ ಎಲ್ಲರಿಗೂ ಹಂಚುವ ವಿಡಿಯೊಬ್ರಿಡ್ಜ್ ಎಂಬ ಭಾಗದ ಮೂಲಕ ಹೋಗಬೇಕು. ಅದಕ್ಕೆ ಯುಡಿಪಿ 10000 ಪೋರ್ಟ್ ತೆರೆದಿರಬೇಕು (ಪೋರ್ಟ್ ಎಂದರೆ ಡೇಟಾ ಬಂದುಹೋಗುವ ಬಾಗಿಲು; ಯುಡಿಪಿ, ಟಿಸಿಪಿ ಡೇಟಾ ಸಾಗಿಸುವ ಎರಡು ಬೇರೆ ಬೇರೆ ವಿಧಾನ). ಅಂದರೆ ನಮ್ಮ ಬೆಳಗಿನ ಪರೀಕ್ಷೆ ಪರೀಕ್ಷೆಯೇ ಅಲ್ಲ, ಅಲ್ವಾ?

ಸರ್ವರಿನೊಳಗೆ ಪೋರ್ಟ್ ತೆರೆದಿದ್ದೆ. ಆದರೆ ಬಾಡಿಗೆ ಕೊಟ್ಟವರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬೇಡದ ಸಂಪರ್ಕ ತಡೆಯುವ ಇನ್ನೊಂದು ಫೈರ್‌ವಾಲ್ ಇತ್ತು. ಅಲ್ಲೂ 10000 ಹಾಕಿದ್ದೆ, ಪಕ್ಕದಲ್ಲಿ ಟಿಸಿಪಿ ಎಂದು ಆರಿಸಿಬಿಟ್ಟಿದ್ದೆ! ಯುಡಿಪಿ ಮಾಡಿದೆ. ಇನ್ನೂ ಕಪ್ಪು.

ಕೊನೆಗೆ ಸರ್ವರಿನ ಐಪಿ, ಅಂದರೆ ಜಾಲದಲ್ಲಿನ ಅದರ ವಿಳಾಸ ನೋಡಿದೆ. ಸರ್ವರಿನ ಒಳಗಿನ ವಿಳಾಸ 10ರಿಂದ ಶುರುವಾಗುತ್ತಿತ್ತು, ಅಂದರೆ ಖಾಸಗಿ ಜಾಲದೊಳಗೆ ಮಾತ್ರ ನಡೆಯುವಂಥದ್ದು. ಬ್ರಿಡ್ಜ್ ಎಲ್ಲರಿಗೂ ಅದನ್ನೇ ಹೇಳುತ್ತಿತ್ತು. ಹೊರಗಿನವರು ಅಲ್ಲಿಗೆ ತಲುಪುವುದಾದರೂ ಹೇಗೆ? ವಿಡಿಯೊಬ್ರಿಡ್ಜಿನ ಸೆಟ್ಟಿಂಗ್ ಫೈಲಿನಲ್ಲಿ ಒಳಗಿನ, ಹೊರಗಿನ ವಿಳಾಸ ಎರಡನ್ನೂ ಬರೆದು ರೀಸ್ಟಾರ್ಟ್ ಮಾಡಿದೆ.

ಮೊದಲು ಕಂಡದ್ದು ಅಮ್ಮನ ಅಡುಗೆಮನೆಯ ಫ್ಯಾನು. ಫೋನನ್ನು ಮೇಲ್ಮುಖವಾಗಿ ಇಟ್ಟು ಒಗ್ಗರಣೆ ಹಾಕುತ್ತಿದ್ದರು.