ಶಿಕ್ಷಣ ಸಾಲ: ಕದಲದ ಅಸಲನ್ನು ಇಳಿಸಿದ ಬಗೆ

ಓದುವಾಗಿನ ಬಡ್ಡಿಯೂ ಅಸಲಿಗೆ ಸೇರಿಕೊಂಡಿದ್ದರಿಂದ, ಕಂತು ತಪ್ಪದೆ ಕಟ್ಟುತ್ತಿದ್ದರೂ ನನ್ನ ಶಿಕ್ಷಣ ಸಾಲ ಕರಗುತ್ತಿರಲಿಲ್ಲ. ಬೋನಸ್ ಬಂದಾಗ ಕಟ್ಟಿದ ಹೆಚ್ಚುವರಿ ಹಣವನ್ನು ಬ್ಯಾಂಕು ಮುಂಗಡ ಕಂತೆಂದು ಜಮಾ ಮಾಡುತ್ತಿದ್ದುದು, ಸಾಲದ ಖಾತೆಯ ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ನೋಡಿದಾಗ ತಿಳಿಯಿತು. ಆ ಮೊತ್ತವನ್ನು ನೇರವಾಗಿ ಅಸಲಿಗೇ ಹಾಕಬೇಕು, ಕಂತು ಹಾಗೆಯೇ ಉಳಿದು ಅವಧಿ ಮಾತ್ರ ಇಳಿಯಬೇಕು ಎಂದು ಶಾಖೆಗೆ ಬರೆದುಕೊಟ್ಟು, ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ (ಬಾಯಿಮಾತಿನ ಭರವಸೆ ಇಲ್ಲಿ ಕೆಲಸಕ್ಕೆ ಬಾರದು). ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದ್ದರಿಂದ ದಂಡದ ಮಾತು ಏಳಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಂನಡಿ ಬಡ್ಡಿಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿಯ ಆಸೆಗೆ ಸಾಲವನ್ನು ಎಳೆಯುವುದು ನನಗೆ ಲಾಭವೆನಿಸಲಿಲ್ಲ. ಸಾಲ ತೀರಿದ ಮೇಲೆ ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ ಪಡೆದು, ನಮ್ಮ ಸಾಲಗಳ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಖಾತೆ ಮುಕ್ತಾಯವಾಗಿರುವುದನ್ನು ಖಚಿತಪಡಿಸಿಕೊಂಡೆ.