ಗುಡ್ಡೆಗೆ ಗಾಳಿಯಂತ್ರ ತರುವ ಆಸೆ ಇದ್ದರೆ ಮೊದಲು ಹಾಲಿನ ಸೊಸೈಟಿಗೆ ಹೋಗಿ

ನಮ್ಮ ಉಡುಪಿ ಕಡೆ ಗಾಳಿಯಂತ್ರ ತಿರುಗುವುದನ್ನು ನೋಡಿದವರು ಕಮ್ಮಿ, ಅಡ್ಡ ಮಲಗಿದ್ದನ್ನು ನೋಡಿದವರೇ ಜಾಸ್ತಿ. ಪಡುಬಿದ್ರಿಯಲ್ಲಿ ಅದರ ರೆಕ್ಕೆ ಮಾಡುವ ಕಾರ್ಖಾನೆ ಬಂದ ಮೇಲೆ, ಆ ಉದ್ದದ ಟ್ರೈಲರ್ ಹೆದ್ದಾರಿಗೆ ಹೊರಳುವ ತನಕ ಬಸ್ಸಲ್ಲಿ ಬೆವರುತ್ತಾ ಕೂತದ್ದು ನಮಗೆಲ್ಲ ನೆನಪುಂಟಲ್ವಾ? ಹಾಗಾಗಿ ಊರಿನ ಗುಡ್ಡೆ ಮೇಲೆ ಫ್ಯಾನ್ ಬರಲಿ ಅಂತ ನಿಮಗಿದ್ದರೆ, ಊರವರನ್ನು ಒಪ್ಪಿಸುವ ಕೆಲಸ ಸೊನ್ನೆಯಿಂದ ಶುರು.

ಮೊದಲನೆಯದು, ಹೇಳದೆ ಗೂಟ ಹೊಡೆಯಬೇಡಿ. ಹಿಂದೊಮ್ಮೆ ಕರೆಂಟ್ ಲೈನಿನ ಸರ್ವೆಯವರು ನಮ್ಮ ತೋಟದ ಬದಿಯ ಕಲ್ಲಿಗೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಯಾರು, ಯಾಕೆ, ಒಂದೂ ಗೊತ್ತಿಲ್ಲ. ಮೂರು ವಾರ ಬಿಟ್ಟು ಬಂದ ಅಧಿಕಾರಿ ಒಳ್ಳೆ ಮನುಷ್ಯನೇ, ಉತ್ತರವೂ ಸರಿಯಾಗಿಯೇ ಇತ್ತು, ಆದರೆ ಅಷ್ಟರಲ್ಲಿ ಅಪ್ಪ ಆ ಬಣ್ಣವನ್ನು ತೆಂಗಿನ ಚಿಪ್ಪಿನಿಂದ ಕೆರೆದು ಕೆರೆದು ಕಲ್ಲನ್ನೇ ಬಿಳಿ ಮಾಡಿದ್ದರು.

ಗ್ರಾಮಸಭೆ ಆಮೇಲೆ. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಡಲು ಬರುವವರ ಹತ್ತಿರ ಒಂದು ವಾರ ಸುಮ್ನೆ ಮಾತಾಡಿ, ಮಾತಾಡುವುದಕ್ಕಿಂತ ಜಾಸ್ತಿ ಕೇಳಿ. ಸಭೆಯಲ್ಲಿ ಬಾಯಿ ಬಿಡದ ಹೆಂಗಸರು ಅಲ್ಲಿ ಬಿಡುತ್ತಾರೆ. ಸಭೆಗೆ ದಿನ ಗೊತ್ತು ಮಾಡುವಾಗ ಆ ರಾತ್ರಿ ಹತ್ತಿರದಲ್ಲಿ ಯಕ್ಷಗಾನದ ಆಟ, ಭೂತದ ನೇಮ ಉಂಟಾ ನೋಡಿಕೊಳ್ಳಿ ಮಾರಾಯ್ರೆ, ಇಲ್ಲದಿದ್ದರೆ ಖಾಲಿ ಕುರ್ಚಿಗೆ ಭಾಷಣ ಮಾಡಬೇಕಾದೀತು.

ಜಗಳ ಹೆಚ್ಚಾಗಿ ಹುಟ್ಟುವುದು ಫ್ಯಾನ್ ನಿಲ್ಲುವ ಜಾಗದಲ್ಲಲ್ಲ, ರೆಕ್ಕೆ ಬರುವ ದಾರಿಯಲ್ಲಿ. ಅಷ್ಟುದ್ದದ ಲಾರಿ ತಿರುಗಬೇಕಾದರೆ ತಿರುವು ಅಗಲ ಮಾಡಬೇಕು, ಆ ತಿರುವಿನಲ್ಲೇ ಯಾರದ್ದೋ ನಾಗಬನ ಇರುತ್ತದೆ. ನಕ್ಷೆ ಹಿಡಿದು ಊರವರ ಜೊತೆ ಪೂರ್ತಿ ದಾರಿ ನಡೆಯಿರಿ, ಬನ ತಪ್ಪಿಸಲು ಆಗುತ್ತದಾ ಇಲ್ಲವಾ ಅಲ್ಲೇ ಹೇಳಿ.

ಮತ್ತೆ ಕುಮ್ಕಿ. ವರ್ಗ (ಪಟ್ಟಾ) ಜಮೀನಿನ ಪಕ್ಕದ ಗುಡ್ಡೆಯಿಂದ ತಲೆಮಾರುಗಳಿಂದ ಸೊಪ್ಪು, ಕಟ್ಟಿಗೆ ತಂದವರಿಗೆ ಅದು ತಮ್ಮದೇ, ದಾಖಲೆಯಲ್ಲಿ ಮಾತ್ರ ಸರಕಾರದ್ದು. ಫ್ಯಾನ್ ನಿಲ್ಲಿಸುವ ಜಾಗದ ಬಾಡಿಗೆ ಯಾರಿಗೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಇಲ್ಲದೆ ಹೋಗಬೇಡಿ.

ಶಬ್ದದ ಬಗ್ಗೆ ಎಷ್ಟು ಹೇಳಿದರೂ ದಂಡ. ಒಂದು ಬಸ್ ಮಾಡಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ, ವಿರೋಧ ಮಾಡುವವರಿಗೆ ಮೊದಲ ಸೀಟು. ಫ್ಯಾನಿನ ಅಡಿಯಲ್ಲಿ ನಿಲ್ಲಿಸಿ, ಆಮೇಲೆ 500 ಮೀಟರ್ ದೂರಕ್ಕೆ ನಡೆಸಿ. ಮನೆಗಳಿಂದ ಅಷ್ಟಾದರೂ ದೂರ ಇರಬೇಕೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳಿತ್ತು. ಸಾಧ್ಯವಾದರೆ ರಾತ್ರಿಯೂ ಕೇಳಿಸಿ, ಊರು ಮಲಗಿದ ಮೇಲೆ ಶಬ್ದ ಎದ್ದು ಕೇಳುತ್ತದೆ. ಅಲ್ಲಿಯ ರೈತರ ಜೊತೆ ಮಾತಾಡಲು ಬಿಟ್ಟು ನೀವೂ ಕಂಪೆನಿಯವರೂ ದೂರ ಹೋಗಿ ಚಾ ಕುಡಿಯಿರಿ. ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದಾ, ಬೆಳೆ ಹಾಳಾದರೆ ಯಾರು ಕೇಳುತ್ತಾರೆ ಅಂತ ಅವರೇ ಹೇಳಲಿ.

ಲೆಕ್ಕ ಕೇಳುವವರಿಗೆ ಒಂದು ಮಾತು ಸಾಕು: ರಾಜ್ಯದಲ್ಲಿ 7 ಸಾವಿರ ಮೆಗಾವ್ಯಾಟ್‌ಗಿಂತ ಜಾಸ್ತಿ ಗಾಳಿ ಕರೆಂಟಿನ ಯಂತ್ರಗಳಿವೆ, ಅವು ಜೋರಾಗಿ ತಿರುಗುವುದು ಮಳೆಗಾಲದಲ್ಲಿ, ಅಂದರೆ ಮೋಡ ಕವಿದು ಸೋಲಾರ್ ಮಂಕಾಗುವ ಹೊತ್ತಿಗೆ. ಬಿಲ್ ಕಮ್ಮಿ ಆಗುತ್ತದೆ ಅಂತ ಮಾತ್ರ ಹೇಳಬೇಡಿ. ಆ ಕರೆಂಟ್ ಗ್ರಿಡ್ಡಿಗೆ ಹೋಗುತ್ತದೆ, ಮನೆಗೆ ಕರೆಂಟ್ ಕೊಡುವ ಮೆಸ್ಕಾಂನ ದರ ನಿಮ್ಮ ಗುಡ್ಡೆ ನೋಡಿ ನಿಗದಿಯಾಗುವುದಿಲ್ಲ.

ಊರಿಗೆ ಪಾಲು ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಡೆನ್ಮಾರ್ಕಿನಲ್ಲಿ 2009ರಿಂದ ಕೆಲವು ವರ್ಷ, ಹೊಸ ಯೋಜನೆಯ ಕನಿಷ್ಠ 20% ಷೇರನ್ನು ಸುತ್ತಮುತ್ತಲಿನವರಿಗೆ ಮಾರಾಟಕ್ಕೆ ಇಡಬೇಕೆಂಬ ಕಾನೂನಿತ್ತು, 4.5 ಕಿಲೋಮೀಟರ್ ಒಳಗಿನವರಿಗೆ ಮೊದಲ ಹಕ್ಕು. ನಮ್ಮಲ್ಲಿ ಅಂಥದ್ದಿಲ್ಲ, ಹಾಗಾಗಿ ಶಾಲೆಗೋ ರಸ್ತೆಗೋ ಎಷ್ಟು ಕೊಡುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿ.

ಎರಡನೇ ಸಭೆಗೆ ಹೋಗುವಾಗ ಮೊದಲ ಸಭೆಯ ಪ್ರಶ್ನೆಗಳನ್ನೂ ಉತ್ತರಗಳನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಸೊಸೈಟಿಯ ಗೋಡೆಗೆ ಅಂಟಿಸಿ. ಉತ್ತರ ಸಿಗದ ಪ್ರಶ್ನೆಗಳ ಎದುರು ಜಾಗ ಖಾಲಿ ಬಿಡಿ. ಜನ ಮೊದಲು ಓದುವುದು ಅದನ್ನೇ.