ಗಟರ್ ಮುಚ್ಚಳ ಹಾಕಿಸುವ ಮುಂಚೆ ಒಮ್ಮೆ ರಸ್ತೆಗೆ ಇಳಿದು ನೋಡಿ

ಅಮೆರಿಕದಿಂದ ರಜೆಗೆ ಬಳ್ಳಾರಿಗೆ ಬಂದಿದ್ದೇನೆ. ನಿನ್ನೆ ಸಂಜೆ ಕಟ್ಟೆ ಮೇಲೆ ಕೂತು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದಾಗ ಎದುರು ಮನೆಯ ಅಕ್ಕ ಫೋನು ಹಿಡಿದು ಬಂದರು. ಅವರ ಮಗ ನ್ಯೂಜೆರ್ಸಿಯಲ್ಲಿ ಹೊಸದಾಗಿ ಮನೆ ತಗೊಂಡಿದ್ದಾನೆ. "ಗಟಾರಕ್ಕೆ ಮುಚ್ಚಳ ಹಾಕ್ಸಬೇಕಂತೆ, ಲಕ್ಷಗಟ್ಲೆ ಕೇಳ್ತಾರಂತೆ. ಯಾಕಪ್ಪಾ, ಅಲ್ಲಿ ಮುನಿಸಿಪಾಲ್ಟಿ ಇಲ್ಲೇನು?"

ನಗು ಬಂತು. ನಮ್ಮ ಕಡೆ ಗಟಾರ ಅಂದರೆ ಬೀದಿ ಚರಂಡಿ. ಅಲ್ಲಿ ಗಟರ್ ಅಂದರೆ ಸೂರಿನ ಅಂಚಿನುದ್ದಕ್ಕೂ ಬಡಿದಿರುವ ಅಲ್ಯುಮಿನಿಯಂ ದೋಣಿ. ಅದರೊಳಗೆ ಎಲೆ ಬೀಳದಂತೆ ಹಾಕೋದು ಗಟರ್ ಗಾರ್ಡ್. ಈ ವಿಷಯದಲ್ಲಿ ನಾನು ಎರಡು ಸಲ ಕೆಟ್ಟು ಮೂರನೇ ಸಲ ಬುದ್ಧಿ ಕಲಿತವನು. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಹೋಗಿ ಅಲ್ಲಿ ಮನೆ ಮಾಡಿದವರು ಇದನ್ನು ಓದಿ ಒಂದು ಸಲವಾದರೂ ಉಳಿಸಿಕೊಳ್ಳಿ.

ಮೊದಲಿಗೆ, ಇದು ಬೇಕಾ ಅಂದರೆ, ಸುತ್ತ ಮರಗಳಿದ್ದರೆ ಬೇಕು. ನಮ್ಮೂರಿನ ಮಳೆ ವರ್ಷಕ್ಕೆ 500 ಮಿ.ಮೀ. ಆಸುಪಾಸು, ನ್ಯೂಜೆರ್ಸಿಯಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ. 1,000 ಚದರಡಿ ಸೂರಿನ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 2,350 ಲೀಟರ್ ನೀರು. ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ಅಷ್ಟೂ ನೀರು ಪಾಯದ ಪಕ್ಕ ಸುರಿದು ಬೇಸ್‌ಮೆಂಟ್‌ಗೆ ಇಳಿಯುತ್ತೆ.

ನನ್ನ ಮೊದಲ ತಪ್ಪು ಫೋಮ್. ಸ್ಪಂಜಿನಂಥ ಉದ್ದನೆಯ ತುಂಡುಗಳು, ದೋಣಿಯೊಳಗೆ ತುರುಕಿದರೆ ಆಯ್ತು. ಅಗ್ಗ, ನಾನೇ ಹಾಕಬಹುದು, ಹೊರಗೆ ಏನೂ ಕಾಣಲ್ಲ. ಏನು ಖುಷಿ ನನಗೆ! ಮೇಪಲ್ ಮರದ ಬೀಜ ರೆಕ್ಕೆ ಕಟ್ಟಿಕೊಂಡು ಗಿರಗಿರ ತಿರುಗುತ್ತಾ ಬರುತ್ತೆ ಅಂತ ಗೊತ್ತಿತ್ತು, ಅದು ಒದ್ದೆ ಸ್ಪಂಜಿನ ಮೇಲೆ ಕೂತರೆ ಏನಾಗುತ್ತೆ ಅಂತ ಹೊಳೆದಿರಲಿಲ್ಲ. ಎರಡನೇ ವರ್ಷ ಸೂರಿನ ಅಂಚಿಗೆ ಸಾಲಾಗಿ ಗೇಣುದ್ದದ ಸಸಿಗಳು. ಮಗಳು ಎಣಿಸಿ ಹದಿನೇಳು ಅಂದಳು. ಗಂಗಾವತಿ ಕಡೆಯವಳಾದ ನನ್ನ ಹೆಂಡತಿ, "ಸಸಿಮಡಿ ಚೆನ್ನಾಗಿ ಬಂದಿದೆ, ನಾಟಿ ಯಾವಾಗ?" ಅಂದಳು.

ಎರಡನೇ ತಪ್ಪು ಇನ್ನೂ ದುಬಾರಿ. ಕಂಪನಿಯೊಂದರ ಸೇಲ್ಸ್‌ನವನು ಮನೆಗೆ ಬಂದು ಎರಡು ತಾಸು ಕೂತ. ಮನೆಗೆ ಬಂದವರನ್ನು ಎದ್ದು ಹೋಗಿ ಅನ್ನೋದು ನಮಗೆ ಬರುತ್ತಾ? ಚಹಾ ಕೊಟ್ಟೆವು, ಚಕ್ಕುಲಿ ಕೊಟ್ಟೆವು. 9,000 ಡಾಲರ್‌ನಿಂದ ಶುರುವಾದದ್ದು, ಇವತ್ತೇ ಸಹಿ ಹಾಕಿದರೆ 5,500 ಅಂತ ಇಳಿಯಿತು. ಚೌಕಾಸಿ ಮಾಡಿ ಗೆದ್ದೆ ಅಂದುಕೊಂಡೆ. ಅವನು ಮೊದಲೇ ಏರಿಸಿಕೊಂಡು ಬಂದಿದ್ದ, ಅಷ್ಟೇ. ಹೀಗೆ ಮನೆಯಲ್ಲಿ ಕೂತು ಮಾಡಿದ ವ್ಯಾಪಾರವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಲು ಅಲ್ಲಿನ ಫೆಡರಲ್ ನಿಯಮವೇ ಇದೆ. ನನಗೆ ಅದು ಗೊತ್ತಾದದ್ದು ಆಮೇಲೆ.

ಅವನು ಹಾಕಿದ್ದು ಮುಂದಕ್ಕೆ ಬಾಗಿದ ತಗಡಿನ ಮುಚ್ಚಳ. ನೀರು ಆ ಬಾಗಿಗೆ ಅಂಟಿಕೊಂಡು ಒಳಗೆ ಹೋಗುತ್ತೆ, ಎಲೆ ಜಾರಿ ಕೆಳಗೆ ಬೀಳುತ್ತೆ. ಸಣ್ಣ ಮಳೆಗೆ ಸರಿ, ಜೋರು ಮಳೆಗೆ ನೀರು ಹಾರಿ ಅಂಗಳಕ್ಕೇ ಬೀಳುತ್ತಿತ್ತು. ಅದಕ್ಕಿಂತ ನೋವು ಅದರ ಅಂದ. ಕಂದು ಸೂರಿನ ಕೆಳಗೆ ಬೆಳ್ಳಗೆ, ದಪ್ಪಗೆ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ಆ ವರ್ಷ ಬಂದಿದ್ದ ಅಪ್ಪ ವಾಕಿಂಗ್ ಮುಗಿಸಿ ರಸ್ತೆಯಲ್ಲೇ ನಿಂತು ಕೂಗಿದರು: "ಮನಿಗೆ ಮೂಗುದಾರ ಹಾಕ್ಸೀಯಲ್ಲೋ ತಮ್ಮಾ!"

ನಾನು ಅಲ್ಲಿವರೆಗೆ ನನ್ನ ಮನೆಯನ್ನು ಎದುರಿನ ರಸ್ತೆಯಲ್ಲಿ ನಿಂತು ನೋಡಿರಲೇ ಇಲ್ಲ. ಕಾರಿನಲ್ಲಿ ಗ್ಯಾರೇಜಿಗೆ, ಗ್ಯಾರೇಜಿನಿಂದ ಅಡುಗೆಮನೆಗೆ. ಹಾಗಾಗಿ ಮೊದಲು ರಸ್ತೆ ದಾಟಿ ನಿಂತು ನೋಡಿ. ರಸ್ತೆ ಮನೆಗಿಂತ ತಗ್ಗಿನಲ್ಲಿದ್ದರೆ ದೋಣಿಯ ಮುಂದಿನ ತುಟಿಯೇ ಮುಚ್ಚಳವನ್ನು ಮರೆ ಮಾಡುತ್ತೆ. ರಸ್ತೆ ಎತ್ತರದಲ್ಲಿದ್ದರೆ ಮುಚ್ಚಳ ಕಾಣೇ ಕಾಣುತ್ತೆ, ಆಗ ಅದರ ಬಣ್ಣ ಶಿಂಗಲ್ಸ್‌ಗೆ, ಅಂದರೆ ಸೂರಿಗೆ ಹಂಚಿನ ಹಾಗೆ ಹೊದಿಸಿರುವ ಹಾಳೆಗಳಿಗೆ, ಹೊಂದಬೇಕು. ದೋಣಿಯ ಬಣ್ಣ ಕಿಟಕಿ ಅಂಚಿನ ಪಟ್ಟಿಗೆ ಹೊಂದಿದರೆ ಸಾಕು.

ಮೂರನೇ ಸಲ ನಾನು ಹಾಕಿಸಿದ್ದು ಅಲ್ಯುಮಿನಿಯಂ ಚೌಕಟ್ಟಿನ ಮೇಲೆ ಸ್ಟೀಲಿನ ಸಣ್ಣ ಜಾಲರಿ. ನಮ್ಮ ಚಹಾ ಸೋಸುವ ಜಾಲರಿ ಇದೆಯಲ್ಲ, ಅಂಥದ್ದೇ ಅಂದುಕೊಳ್ಳಿ. ದೋಣಿಯ ತುಟಿಗೆ ಸಮನಾಗಿ ಒಳಗೇ ಕೂರುತ್ತೆ. ಶಿಂಗಲ್ಸ್ ಎತ್ತಿ ಅಡಿಗೆ ತೂರಿಸ್ತೀವಿ ಅಂದರೆ ಬೇಡ ಅನ್ನಿ, ಸೂರಿನ ವಾರಂಟಿಗೆ ಕುತ್ತು ಬರಬಹುದು. ಪ್ಲಾಸ್ಟಿಕ್‌ದು ಬೇಡವೇ ಬೇಡ, ಬಿಸಿಲು ಚಳಿಗೆ ಸೀಳುತ್ತೆ. ಎರಡು ಸೂರು ಕೂಡುವ ಮೂಲೆಯಲ್ಲಿ ನೀರು ರಭಸದಿಂದ ಬರುತ್ತೆ, ಅಲ್ಲಿ ಒಂದು ಸಣ್ಣ ತಡೆತಗಡು ಕೇಳಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ನೀರು ತುಟಿ ದಾಟಿ ಇಳಿದು ದೋಣಿಯ ಮುಖದ ಮೇಲೆ ಕಪ್ಪು ಪಟ್ಟೆ ಮೂಡುತ್ತೆ, ಹುಲಿವೇಷ ಹಾಕಿದ ಹಾಗೆ. ಚಳಿಗಾಲದಲ್ಲಿ ಅಂಚಿಗೆ ಮಂಜುಗಡ್ಡೆ ಕಟ್ಟೋದನ್ನು ಯಾವ ಮುಚ್ಚಳವೂ ತಡೆಯಲ್ಲ, ಅದು ಮನೆಯ ಶಾಖ ಸೂರಿಗೆ ಏರದಂತೆ ತಡೆಯುವ ಅಟ್ಟದ ಇನ್ಸುಲೇಷನ್ ಮಾತು. ಮತ್ತೆ ಯಾವತ್ತೂ ಏಣಿ ಹತ್ತೋದೇ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪೈನ್ ಎಲೆ, ಪರಾಗ, ಶಿಂಗಲ್ಸ್ ಪುಡಿ ಜಾಲರಿ ಮೇಲೆ ಕೂರುತ್ತೆ, ಬ್ರಶ್ ಆಡಿಸಲೇಬೇಕು. ಎರಡಂತಸ್ತಾದರೆ ಆಳನ್ನೇ ಕರೆಸಿ.

ಬಡಾವಣೆಗೆ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ, ಇದ್ದರೆ ಅರ್ಜಿ ಮತ್ತು ಬಣ್ಣದ ಸ್ಯಾಂಪಲ್ ಕೊಟ್ಟು ಮೊದಲೇ ಒಪ್ಪಿಗೆ ತಗೊಳ್ಳಿ.

ಊರಲ್ಲಿ ನಮ್ಮದು ಮಾಳಿಗೆ ಮನೆ. ಮಳೆಗಾಲಕ್ಕೆ ಮುಂಚೆ ಅಪ್ಪ ಬಂಡಿಯಲ್ಲಿ ಸೌಳು ಮಣ್ಣು ತರಿಸಿ ಮಾಳಿಗೆ ಮೇಲೆ ಹರವುತ್ತಿದ್ದರು, ತುಳಿಯೋದು ನಮ್ಮ ಕೆಲಸ. ಮಳೆ ಬಂದರೆ ತಗಡಿನ ದೋಣಿಯಿಂದ ಕೆಂಪು ನೀರು ಧೋ ಅಂತ ಬೀದಿಗೇ ಬೀಳುತ್ತಿತ್ತು. ಅದರ ಕೆಳಗೆ ತಲೆ ಕೊಡಲು ನಮ್ಮೊಳಗೆ ಜಗಳ. ನನ್ನ ಮಗಳಿಗೆ ಸೂರಿನ ನೀರು ಅಂದರೆ ಮುಚ್ಚಿದ ಕೊಳವೆಯೊಳಗಿನ ಸದ್ದು. ಎಲ್ಲ ಭದ್ರವಾಗಿ ಮುಚ್ಚಿಸಿದವನು ನಾನೇ.

ಇನ್ನೊಂದು. ಇಲ್ಲಿ ಮನೆಗೆ ಬಣ್ಣ ಬಳಿಸಿದರೆ ಓಣಿಯವರೆಲ್ಲ ನಿಂತು ಎಷ್ಟಾಯ್ತು ಅಂತ ಕೇಳಬೇಕು, ಕೇಳದಿದ್ದರೆ ಬೇಜಾರು. ಅಲ್ಲಿ ಮೂರನೇ ಮುಚ್ಚಳ ಹಾಕಿಸಿ ವಾರವಾದರೂ ಪಕ್ಕದವರು ಏನೂ ಕೇಳಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಇರಲು ಅಷ್ಟು ದುಡ್ಡು ಕೊಟ್ಟಿದ್ದೆ. ಸಮಾಧಾನವೂ ಆಯ್ತು, ಒಂದು ಥರಾ ಖಾಲಿ ಖಾಲಿಯೂ ಅನಿಸಿತು.

ಇದನ್ನೆಲ್ಲ ಅಕ್ಕನಿಗೆ ಹೇಳಿ, ನನ್ನ ಮನೆಯ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ಹಿಗ್ಗಿಸಿ, ಕನ್ನಡಕ ಏರಿಸಿ ನೋಡಿದರು.

"ಏನೂ ಕಾಣವಲ್ದಲ್ಲಪ್ಪಾ. ಇಷ್ಟು ರೊಕ್ಕ ಕೊಟ್ಟು ಕಾಣದಂಗ ಹಾಕ್ಸೀಯೇನು?"